ಬೇವಿನ ಸೊಪ್ಪು ಕಟ್ಟಿದ ತಿಂಗಳ ಕಂತು

ಎಂಟನೇ ಕ್ಲಾಸಿಗೇ ಶಾಲೆ ಬಿಟ್ಟ ಮಾನಸಳಿಗೆ ತನ್ನ ಕಣ್ಣಿನ ಮೇಲೆ ಬಹಳ ನಂಬಿಕೆ. ಮುಳಬಾಗಿಲಿನ ಬ್ಯಾಂಕಿನಲ್ಲಿ ಕುಳಿತ ಅರ್ಧ ಗಂಟೆಯಲ್ಲಿ, ಸಾಲ ಕೊಡುವ ಅಧಿಕಾರಿ ಭೀಮರಾಜ್ ಅವರ ಅಂಗಿಯ ಎರಡನೇ ಗುಂಡಿಗೆ ಬೇರೆ ಬಣ್ಣದ ದಾರ ಹಾಕಿದ್ದನ್ನು ಅವಳು ಕಂಡುಹಿಡಿದಿದ್ದಳು. ಒಂದು ವರ್ಷದಿಂದ ತನ್ನ ಹೆಸರಿಗೇ ಅಂಟಿಕೊಂಡಿದ್ದ ಕಲೆ ಮಾತ್ರ ಕಂಡಿರಲಿಲ್ಲ.

“ಫೋನ್ ಸಾಲದ ಕಂತು ಹೋದ ವರ್ಷ ತಿಂಗಳ ಮೇಲೆ ಲೇಟಾಗಿದೆಯಲ್ಲಮ್ಮ,” ಎಂದು ಅವರು ಕಂಪ್ಯೂಟರನ್ನು ಅವಳತ್ತ ತಿರುಗಿಸಿದರು. “ಸಿಬಿಲ್ ಅಂತ ಸಾಲದ ದಾಖಲೆ ಇರ್ತದೆ, ಅದ್ರಲ್ಲಿ ಕೆಂಪಗೆ ತೋರಿಸ್ತಿದೆ. ಯಾಕ್ ಕಟ್ಲಿಲ್ಲ?”

ಮಾನಸ ದುಪಟ್ಟಾವನ್ನು ಮೂಗಿನವರೆಗೆ ಎಳೆದುಕೊಂಡು, “ಹೂಂ,” ಎಂದಳು. ‘ಯಾಕೆ’ ಎಂದು ಕೇಳಿದರೆ ‘ಹೂಂ’ ಎನ್ನುವವರು ಇಡೀ ಮುಳಬಾಗಿಲು ತಾಲ್ಲೂಕಿನಲ್ಲಿ ತಾನೊಬ್ಬಳೇ ಇರಬೇಕು ಎಂದುಕೊಂಡಳು.

ಅವಳಿಗೆ ಬೇಕಿದ್ದದ್ದು ಹದಿನೆಂಟು ಸಾವಿರ. ಪೇಟೆಯ ಸಯೀದಾ ಸೀರೆಯ ಅಂಚು ಹೊಲಿಯುವ ತನ್ನ ಪೀಕೋ ಮೆಷಿನ್ ಮಾರುತ್ತಿದ್ದಳು. ಶನಿವಾರದವರೆಗೆ ಕಾಯುತ್ತೇನೆ ಎಂದಿದ್ದಳು. ಅದು ಸಿಕ್ಕರೆ ಊರಿನ ಸೀರೆಗಳನ್ನು ಬೇರೆಯವರ ಹತ್ತಿರ ಹೊತ್ತೊಯ್ದು, ಅರ್ಧ ಕೂಲಿ ಅವರಿಗೇ ಕೊಟ್ಟು ಬರುವುದು ತಪ್ಪುತ್ತಿತ್ತು.

ಕಾರಣವೇನೋ ಇತ್ತು. ಹೋದ ಬೇಸಿಗೆಯಲ್ಲಿ ಅವಳಿಗೆ ಮೈತುಂಬ ಸೀತಾಳೆ ಸಿಡುಬು ಎದ್ದಿತ್ತು. ತಾಯಿ ಭಾರತಮ್ಮ ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿ, ಒಗ್ಗರಣೆ ನಿಲ್ಲಿಸಿ, ವಾಸಿಯಾಗಿ ಮೂರನೇ ಸ್ನಾನದ ನೀರು ಹಾಕುವವರೆಗೆ ಉಪ್ಪು, ಮಜ್ಜಿಗೆ, ದುಡ್ಡು ಯಾವುದೂ ಮನೆಯಿಂದ ಆಚೆ ಹೋಗಕೂಡದು ಎಂದಿದ್ದಳು.

“ಫೋನಿಂದ ಕಳಿಸೋದಮ್ಮ, ಕೈಯಲ್ಲಿ ಕೊಡೋದಲ್ಲ.”

“ಬೆರಳಲ್ಲಿ ಒತ್ತಲ್ವೇನೇ? ಕೊಟ್ಟಂಗೇ ಕಣೇ. ದೇವಿಗೆ ಕೋಪ ಬಂದ್ರೆ ನಿನ್ ಫೋನ್ ಬಂದು ವಾಸಿ ಮಾಡ್ತದಾ?”

ಮಗಳಿಗೆ ಇಳಿಯುವಷ್ಟರಲ್ಲಿ ಭಾರತಮ್ಮನಿಗೇ ಎದ್ದಿತು. ಬೇವಿನ ಸೊಪ್ಪು ಒಂದೂವರೆ ತಿಂಗಳು ಬಾಗಿಲು ಬಿಡಲಿಲ್ಲ. ಫೋನಿಗೆ ಸಾಲ ಕೊಟ್ಟ ಕಂಪನಿಯವರು ಕರೆ ಮಾಡಿದಾಗಲೆಲ್ಲ ಮಾನಸ ಫೋನನ್ನು ರಾಗಿಹಿಟ್ಟಿನ ಡಬ್ಬದಲ್ಲಿಟ್ಟು ಮುಚ್ಚಳ ಹಾಕುತ್ತಿದ್ದಳು. ಗುರುತಿಲ್ಲದವರ ಜೊತೆ ಮಾತಾಡುವುದಕ್ಕಿಂತ ಸಿಡುಬೇ ಮೇಲೆನಿಸಿತ್ತು.

“ಏನೂ ಹೇಳ್ದಿದ್ರೆ ನಾನೇನ್ ಬರ್ಕೊಳ್ಳಲಿ?” ಭೀಮರಾಜ್ ಅರ್ಜಿಯನ್ನು ಪಕ್ಕಕ್ಕೆ ಸರಿಸಿದರು.

ಅರ್ಜಿಯ ಜೊತೆ ಮೆಷಿನ್ನೂ ಸರಿದುಹೋದಂತಾಯಿತು. ಮಾನಸ ದುಪಟ್ಟಾ ಕೆಳಗಿಳಿಸಿದಳು. ಕೆನ್ನೆಯ ಮೇಲಿನ ಕಲೆಗಳು ಕಂಡವು.

“ಸಿಡುಬು ಎದ್ದಿತ್ತು ಸಾರ್! ನಂಗೆ, ಆಮೇಲೆ ನಮ್ಮಮ್ಮನಿಗೆ! ದುಡ್ಡು ಆಚೆ ಕೊಡಂಗಿರ್ಲಿಲ್ಲ. ನೀರು ಹಾಕಿದ ಮಾರನೇ ದಿನಾನೇ ದಂಡ ಸಮೇತ ಕಟ್ಟಿದೀನಿ!”

ವರ್ಷಗಟ್ಟಲೆ ಕೂಡಿಟ್ಟ ದನಿ ಒಟ್ಟಿಗೆ ಬಂದಿರಬೇಕು. ಪಾಸ್‌ಬುಕ್ ಸಾಲಿನಲ್ಲಿದ್ದವರೆಲ್ಲ ತಿರುಗಿದರು. ಒಬ್ಬಾಕೆ ಮಗುವನ್ನು ಎತ್ತಿಕೊಂಡು ಎರಡು ಹೆಜ್ಜೆ ಹಿಂದೆ ಸರಿದಳು.

ಭೀಮರಾಜ್ ನಕ್ಕರು. “ನಮ್ಮನೇಲೂ ಉಪ್ಪು ಕೂಡ ಕೊಡ್ತಿರ್ಲಿಲ್ಲ. ಆದ್ರೆ ನಿಮ್ಮ ಮುಖಾನ ಫೈಲಿಗೆ ಪಿನ್ ಹೊಡೆಯೋಕಾಗಲ್ಲಮ್ಮ. ಡಾಕ್ಟರ್ ಚೀಟಿ ಇದೆಯಾ?”

ಇರಲಿಲ್ಲ. ದೇವಿ ಬಂದಾಗ ಡಾಕ್ಟರ ಹತ್ತಿರ ಯಾರು ಹೋಗುತ್ತಾರೆ? ಆದರೆ ಆಶಾ ಕಾರ್ಯಕರ್ತೆ ಮುನಿಯಲ್ಲಮ್ಮ ಬೇವಿನ ಸೊಪ್ಪಿನ ಕೆಳಗೇ ನಿಂತು ಇಬ್ಬರ ಹೆಸರನ್ನೂ ಬರೆದುಕೊಂಡಿದ್ದಳು: ಹಸಿರು ರಟ್ಟಿನ ಪುಸ್ತಕ, ಎಡಗಡೆ ಪುಟ. ಅದನ್ನೆಲ್ಲ ನೋಡಿಟ್ಟುಕೊಂಡಿದ್ದ ಮಾನಸಳ ಕಣ್ಣು ಕೊನೆಗೂ ಒಂದು ಕೆಲಸಕ್ಕೆ ಬಂತು.

ಶುಕ್ರವಾರ ಆರೋಗ್ಯ ಕೇಂದ್ರದ ಚೀಟಿ, ತಾನೇ ಬರೆದ ಕಾಗದ, ಜಾಮೀನು ಹಾಕಲು ಭಾರತಮ್ಮ, ಮೂರನ್ನೂ ಕರೆತಂದಳು.

“ಕೆಂಪು ಅಳಿಸೋಕಾಗಲ್ಲ, ಲೇಟಾಗಿರೋದು ನಿಜ ತಾನೇ,” ಎಂದರು ಭೀಮರಾಜ್. “ಕಾರಣ ಫೈಲಲ್ಲಿರ್ತದೆ. ಆಮೇಲೆ ಒಂದು ಕಂತೂ ತಪ್ಪಿಲ್ಲ. ಸಾಲ ಕೊಡ್ತೀವಿ. ಆದ್ರೆ ಪ್ರತಿ ತಿಂಗಳು ಖಾತೆಯಿಂದ ನಾವೇ ದುಡ್ಡು ಕಡಿತ ಮಾಡ್ಕೊಳ್ತೀವಿ.”

ಭಾರತಮ್ಮ ಮುಂದಕ್ಕೆ ಬಾಗಿದಳು. “ನಾವು ಕೊಡಂಗಿಲ್ಲ, ನೀವೇ ತಗೊಳ್ಳೋದಾ?”

“ಹೌದಮ್ಮ.”

“ಹಂಗಾದ್ರೆ ಸರಿ. ದೇವಿಗೆ ಕೋಪ ಬಂದ್ರೆ ನಿಮ್ಮನ್ನ ಕೇಳ್ಕೊಳ್ಳಲಿ.”

ಮಾನಸಳ ಕೈ ದುಪಟ್ಟಾದ ಕಡೆಗೆ ಹೋಯಿತು. ಅರ್ಧಕ್ಕೇ ನಿಂತು, ಭೀಮರಾಜ್ ಅವರತ್ತ ಚಾಚಿಕೊಂಡಿತು.

“ಪೆನ್ನು ಕೊಡಿ ಸಾರ್,” ಎಂದಳು. “ಅಮ್ಮ ಇನ್ನೇನಾದ್ರೂ ಹೇಳೋದ್ರೊಳಗೆ.”