ಒಂದನೆಯ ಹಗ್ಗ

ಬ್ರೆಡ್ಡಿಗೆ ಬೆಣ್ಣೆ ಸವರುತ್ತಿದ್ದ ರೋನಾ ಚಾಕು ಕೆಳಗಿಟ್ಟು ಅಂತ್ಯಕ್ರಿಯೆಯ ಕಾರ್ಡನ್ನು ಇನ್ನೊಮ್ಮೆ ಓದಿದಳು. ಶವಪೆಟ್ಟಿಗೆಯ ಚಿತ್ರ, ಸುತ್ತ ಎಂಟು ಅಂಕಿ, ಪ್ರತಿ ಅಂಕಿಯ ಮುಂದೆ ಪೆಟ್ಟಿಗೆಯನ್ನು ಗುಂಡಿಗಿಳಿಸುವಾಗ ಹಗ್ಗ ಹಿಡಿಯುವವರ ಹೆಸರು. ಒಂದನೆಯದು ತಲೆಯ ಕಡೆಯದು, ತೀರ ಹತ್ತಿರದವರದು. ಅಲ್ಲಿ ತೀರಿಕೊಂಡ ಮೊರಾಗಳ ತಮ್ಮ ಫರ್ಗಸ್‌ನ ಹೆಸರಿತ್ತು. ಉಳಿದವು ಅವನ ಮಕ್ಕಳಿಗೆ, ಮೊರಾಗಳ ಹಳೆಯ ವಿದ್ಯಾರ್ಥಿಗಳಿಗೆ. ಮೂವತ್ತೆಂಟು ವರ್ಷ ಅವಳೊಂದಿಗೆ ಈ ಮನೆಯಲ್ಲಿ ಬಾಳಿದ ರೋನಾಳ ಹೆಸರು ಎಲ್ಲೂ ಇರಲಿಲ್ಲ.

"ಕೇಳ್ಬಿಡೇ. ಬಾಯಿಲ್ವಾ ನಿಂಗೆ?" ಎಂದಳು ಹ್ಯಾಮ್ ಹೆಚ್ಚುತ್ತಿದ್ದ ಪಕ್ಕದ ಮನೆಯ ಇಸ್ಲಾ.

ಹೆಂಗಸರು ಹಗ್ಗ ಹಿಡಿಯುವುದಿಲ್ಲವಲ್ಲ ಎಂದು ರೋನಾ ಗೊಣಗಿದಳು.

"ನಮ್ಮಪ್ಪಂದು ನಾನೇ ಹಿಡಿದಿದ್ದೆ. ಅವನೇನು ಎದ್ದು ಬಂದು ಬೈಲಿಲ್ಲ."

ಕಪ್ಪು ಟೈ ಸರಿಪಡಿಸಿಕೊಳ್ಳುತ್ತ ಫರ್ಗಸ್ ಒಳಬಂದ. ರೋನಾ ಕೈ ಒರೆಸಿಕೊಂಡಳು.

"ಫರ್ಗಸ್, ನಂಗೊಂದು ಹಗ್ಗ ಕೊಡಪ್ಪ."

ಅವನು ಕೆಟ್ಟವನಲ್ಲ. ಸಂಕೋಚದಿಂದ ಕಾರ್ಡಿನತ್ತ ನೋಡಿದ. "ಅಚ್ಚಾಗಿಹೋಯ್ತಲ್ಲ ರೋನಾ. ಅಲ್ದೆ, ಇದು ಮನೆಯವರ ವಿಷಯ." ಹೋಗುತ್ತ ಬಾಗಿಲಲ್ಲಿ ನಿಂತು, ಎಡಿನ್‌ಬರೋದವರೂ ಬರುತ್ತಿದ್ದಾರೆ, ಮೊಟ್ಟೆಯ ಸ್ಯಾಂಡ್‌ವಿಚ್ ಇನ್ನೊಂದಿಷ್ಟು ಮಾಡಿಡು ಎಂದ.

* * *

ಮೊರಾಗ್ ಆ ಬಂದರಿನ ಊರಿನ ಶಾಲೆಯಲ್ಲಿ ಮೂವತ್ತೊಂದು ವರ್ಷ ಚಿತ್ರಕಲೆ ಕಲಿಸಿದಳು. ಮಕ್ಕಳ ಕಾಗದದ ಮೇಲೆ ಒಮ್ಮೆಯೂ ತನ್ನ ಪೆನ್ಸಿಲ್ ಇಟ್ಟವಳಲ್ಲ. ಹಿಂದೆ ನಿಂತು, ಇನ್ನೊಂದು ಸಲ ನೋಡು ಎನ್ನುವಳು, ಅಷ್ಟೆ. ತನ್ನ ಚಿತ್ರಗಳಿಗೆ ಅವಳಿಗೆ ಉಳಿಯುತ್ತಿದ್ದುದು ಶನಿವಾರ ಮಾತ್ರ. ಮೀನಿನ ದೋಣಿಗಳನ್ನು ಬರೆದಳು. ರೋನಾಳನ್ನೂ ಬರೆದಳು, ಯಾವಾಗಲೂ ಬೆನ್ನ ಕಡೆಯಿಂದ: ಪಾತ್ರೆ ತೊಳೆಯುವಾಗ, ಬಟ್ಟೆ ಒಣಹಾಕುವಾಗ.

ಅಂಥದೊಂದು ಚಿತ್ರ ಎಡಿನ್‌ಬರೋದ ಪ್ರದರ್ಶನಕ್ಕೆ ಹೋಯಿತು. ಜನ ಆ ಬೆನ್ನನ್ನು ಮೆಚ್ಚಿ ಮಾತಾಡಿದರು. ಪಕ್ಕದಲ್ಲೇ ನಿಂತಿದ್ದ ರೋನಾಳ ಗುರುತು ಯಾರಿಗೂ ಹತ್ತಲಿಲ್ಲ.

ವಾಪಸು ಬರುವಾಗ ರೈಲಿನಲ್ಲಿ ಅವಳು ಕೇಳಿದಳು: "ನನ್ ಮುಖ ಯಾಕೆ ಬರೆಯಲ್ಲ ನೀನು?"

ಮೊರಾಗ್ ಕಿಟಕಿಯಾಚೆ ನೋಡುತ್ತಿದ್ದಳು. "ನಾನು ನಿನ್ನ ಹೇಗೆ ನೋಡ್ತೀನಿ ಅನ್ನೋದು ಅದರಲ್ಲಿ ಗೊತ್ತಾಗ್ಬಿಡುತ್ತೆ. ಕೆಲಸ ಹೋಗುತ್ತೆ, ರೋನಾ."

ರೋನಾ ಮತ್ತೆ ಕೇಳಲಿಲ್ಲ. ನಿವೃತ್ತಳಾದ ಮೇಲೆ ಮೊರಾಗಳಿಗೆ ಆ ಭಯವಿರಲಿಲ್ಲ. ಅಷ್ಟರಲ್ಲಿ ಕೈ ನಡುಗತೊಡಗಿತ್ತು. ಒಂದು ಚಳಿಗಾಲವಿಡೀ ರೋನಾಳನ್ನು ಎದುರಿಗೆ ಕೂರಿಸಿಕೊಂಡು ಕಣ್ಣುಗಳನ್ನು ಬರೆಯುವಳು, ಅಳಿಸುವಳು. ಕೊನೆಗೆ ಕುಂಚಗಳನ್ನು ತೊಳೆದು ಒಣಗಿಸಿ, ಶಾಲೆಗೆ ಕೊಟ್ಟುಬಿಟ್ಟಳು.

* * *

ಸ್ಮಶಾನದಲ್ಲಿ ಕಡಲ ಗಾಳಿ ಜೋರಾಗಿತ್ತು. ಅಂತ್ಯಕ್ರಿಯೆ ನಡೆಸುವವನು ಅಂಕಿಗಳನ್ನು ಕರೆದ. ಒಬ್ಬೊಬ್ಬರೇ ಬಂದು ತಮ್ಮ ಹಗ್ಗ ಹಿಡಿದರು. ಹಿಂದೆ ನಿಂತಿದ್ದ ಹೆಂಗಸರ ನಡುವಿನಿಂದ ರೋನಾ ಹೊರಟು ನೇರ ತಲೆಯ ಕಡೆಗೆ ನಡೆದಳು. ಫರ್ಗಸ್‌ನ ಮುಷ್ಟಿಯ ಕೆಳಗೆ, ಅದೇ ಹಗ್ಗದ ಮೇಲೆ ಕೈಯಿಟ್ಟಳು.

"ರೋನಾ," ಎಂದ ಅವನು ಮೆಲ್ಲಗೆ.

"ನಾನೂ ಮನೆಯವಳೇ."

ಮೊದಲ ಸಾಲಿನಲ್ಲಿದ್ದವರಿಗೆಲ್ಲ ಕೇಳಿಸಿತು. ಪಾದ್ರಿ ಪುಸ್ತಕದಿಂದ ತಲೆಯೆತ್ತಿದ. ಫರ್ಗಸ್ ಅರ್ಧ ಹೆಜ್ಜೆ ಸರಿದು ಜಾಗ ಕೊಟ್ಟ.

ಭಾರ ಬಂತು, ಇಳಿಯಿತು, ತಳ ಮುಟ್ಟಿತು. ಹಗ್ಗ ಬಿಡುವ ಸನ್ನೆಯಾದೊಡನೆ ಏಳು ಹಗ್ಗಗಳು ಪೆಟ್ಟಿಗೆಯ ಮೇಲೆ ಬಿದ್ದವು. ಫರ್ಗಸ್ ಕೂಡ ಕೈ ಬಿಟ್ಟ. ಒಂದನೆಯದು ಮಾತ್ರ ರೋನಾಳ ಮುಷ್ಟಿಯಿಂದ ಗುಂಡಿಯೊಳಕ್ಕೆ ಬಿಗಿಯಾಗಿ ನಿಂತಿತ್ತು. ಅಂತ್ಯಕ್ರಿಯೆಯವನು ಇನ್ನೊಮ್ಮೆ ಸನ್ನೆ ಮಾಡಲು ಕೈಯೆತ್ತಿದವನು ಹಾಗೇ ಇಳಿಸಿದ. ಟೋಪಿ ತೆಗೆದ ಗಂಡಸರು ಗಾಳಿಗೆ ಕೂದಲು ಹಾರುತ್ತಿರಲು ನಿಂತೇ ಇದ್ದರು.