ಕಾರ್ಗೋದಲ್ಲಿ ಬಂದ ಎಣ್ಣೆ

ಉಪ್ಪ ಮಗಳಾದ ನನಗೆ ಓಮ್ನಿ ವ್ಯಾನಿನ ಕೀ ಕೊಟ್ಟದ್ದು ಒಂದು ಮಾತಿನ ಮೇಲೆ. ಹೆಂಗಸರನ್ನು ಕೂರಿಸಿಕೊಂಡು ನೀನು ದಾರಿಯಲ್ಲಿ ಗಾಡಿ ಕೆಟ್ಟು ನಿಂತರೆ ಅದೇ ಕೊನೆ ಎಂದಿದ್ದರು. ಸಿಟ್ಟಿನಿಂದ ಹೇಳಿದ್ದಲ್ಲ. ಸಕ್ಕರೆ ಕಾಯಿಲೆಯಿಂದ ಅವರ ಕಣ್ಣು ಮಂಜಾಗಿತ್ತು, ಬಾಡಿಗೆ ಓಡಿಸಲು ಆಗುತ್ತಿರಲಿಲ್ಲ. ಐವರ್ನಾಡಿನಲ್ಲಿ ನಮ್ಮ ಆಚೀಚೆ ಮನೆಯ ಹೆಂಗಸರು ಸ್ಕ್ಯಾನಿಂಗಿಗೆ ಪುತ್ತೂರಿಗೋ, ತಾಯಿ ಮನೆಗೋ ಹೋಗಬೇಕಾದಾಗ ನನ್ನನ್ನೇ ಕೇಳತೊಡಗಿದ್ದರು.

ನನ್ನ ಶಾಲೆ ಒಂಬತ್ತನೇ ಕ್ಲಾಸಿಗೆ ನಿಂತಿತ್ತು. ಉಮ್ಮ ಹಾಸಿಗೆ ಹಿಡಿದ ವರ್ಷ ಅದು. ಆಮೇಲೆ ಉಮ್ಮ ಎದ್ದು ಓಡಾಡಿದರು, ನಾನು ಮತ್ತೆ ಹೋಗಲಿಲ್ಲ. ಯಾರಾದರೂ ಎದುರು ನಿಂತು ಹೆಸರು ಕೇಳಿದರೆ ಮುಹ್ಸಿನಾ ಎನ್ನುವಷ್ಟು ಸ್ವರವೂ ನನಗೆ ಬರುತ್ತಿರಲಿಲ್ಲ. ಆದರೆ ಡ್ರೈವರ್ ಸೀಟಿನಲ್ಲಿ ಕೂತರೆ ಮುಖಗಳೆಲ್ಲ ಹಿಂದೆ ಇರುತ್ತಿದ್ದವು, ನನ್ನ ಕಣ್ಣು ರಸ್ತೆಯ ಮೇಲೆ. ಅಲ್ಲಿ ಮಾತು ತಾನಾಗಿ ಬಂತು. ನೆರೆಮನೆಯ ಕಮಲಾವತಿಯಕ್ಕ ಒಮ್ಮೆ ಉಪ್ಪನಿಗೆ ಹೇಳಿದರು, "ನಿಮ್ಮ ಮಗಳು ಮನೆಯಲ್ಲಿ ಮೂಗಿ, ಸ್ಟೇರಿಂಗ್ ಹಿಡಿದರೆ ರೇಡಿಯೋ ಮಾರಾಯ್ರೆ."

ಅಣ್ಣ ತಮೀಮ್ ಸೌದಿಯ ದಮ್ಮಾಮಿನಲ್ಲಿ ಕಾರುಗಳಿಗೆ ಆಯಿಲ್ ಬದಲಿಸುವ ಕಡೆ ಕೆಲಸಕ್ಕಿದ್ದ. ಅವನು ರಜೆಗೆ ಬರುವ ಮೊದಲೇ ಕಾರ್ಗೋದ ಪೆಟ್ಟಿಗೆ ಬಂತು. ಕಂಬಳಿ, ಹಾಲಿನ ಪುಡಿ, ಖರ್ಜೂರದ ನಡುವೆ ಎರಡು ಕ್ಯಾನ್ ಸಿಂಥೆಟಿಕ್ ಆಯಿಲ್: ಎಂಜಿನ್ನಿಗೊಂದು, ಗೇರ್‌ಬಾಕ್ಸಿಗೊಂದು. ಉಮ್ಮ ಅವನ್ನು ಸೆರಗಿನಿಂದ ಒರೆಸಿ ಕಪಾಟಿನಲ್ಲಿ ಅತ್ತರಿನ ಪಕ್ಕ ಇಟ್ಟರು.

ಅಣ್ಣ ಬಂದ ವಾರವೇ ಅಂಗಳದಲ್ಲಿ ಗೋಣಿ ಹಾಸಿ ಓಮ್ನಿಯ ಅಡಿಗೆ ನುಗ್ಗಿದ. ಇಷ್ಟು ವರ್ಷ ಸಾದಾ ಆಯಿಲಿನಲ್ಲಿ ಓಡಿದ ಗಾಡಿ, ಈಗ ಬೇಕಾ ಎಂದು ಉಪ್ಪ ಮೆಲ್ಲಗೆ ಕೇಳಿದರು. ಅಣ್ಣ ತಲೆ ಹೊರಗೆ ಹಾಕಿ ನನ್ನನ್ನು ನೋಡಿದ.

"ಇವಳು ಹೆಂಗಸರನ್ನು ಕೂರಿಸಿಕೊಂಡು ಹೋಗುದಲ್ವಾ ಉಪ್ಪ. ಇದು ದಾರಿಯಲ್ಲಿ ನಿಲ್ಲಬಾರದು."

ಬೆಳ್ಳಾರೆಯ ಮೆಕ್ಯಾನಿಕ್ ಕುಕ್ಕಪ್ಪಣ್ಣನೂ ನೋಡಲು ಬಂದಿದ್ದರು. ನಮ್ಮ ಓಮ್ನಿಯ ಕೆಲಸ ಮೊದಲಿನಿಂದ ಅವರದ್ದೇ. ಕ್ಯಾನನ್ನು ತಿರುಗಿಸಿ, ಮೂಸಿ ನೋಡಿ, ಇಂಥದ್ದು ನಮಗೆಲ್ಲಿ ಸಿಗ್ತದೆ, ಹೊಯ್ಯಿ ಎಂದರು. ಹಳೆಯದು ಡಾಂಬರಿನ ಹಾಗೆ ಇಳಿಯಿತು. ಆ ಕರಿ ಎಣ್ಣೆಯನ್ನು ಕಮಲಾವತಿಯಕ್ಕ ಮೊದಲೇ ಕೇಳಿಟ್ಟಿದ್ದರು, ದನದ ಹಟ್ಟಿಯ ಕಂಬಗಳಿಗೆ ಗೆದ್ದಲು ಹಿಡಿಯದ ಹಾಗೆ ಬಳಿಯಲು. ಹೊಸದು ಜೇನಿನ ಬಣ್ಣದ್ದು. ಒಂದು ತೊಟ್ಟು ಚೆಲ್ಲಿದರೂ ಅಣ್ಣ ಬೆರಳಿನಿಂದ ಒರೆಸಿ ತೆಗೆಯುತ್ತಿದ್ದ.

ಮರುದಿನ ಬೆಳ್ಳಾರೆಗೆ ಹೋಗುವಾಗ ಅವನು ನನ್ನ ಪಕ್ಕ ಕೂತ. ಸೀಟಿನ ಅಡಿಯ ಎಂಜಿನ್ ಬೇರೆ ಯಾರದ್ದೋ ಎಂಬ ಹಾಗೆ ಮೆತ್ತಗಿತ್ತು. ಯಾವಾಗಲೂ ಹಟ ಹಿಡಿಯುವ ಎರಡನೇ ಗೇರ್ ಮುಟ್ಟಿದ ಕೂಡಲೇ ಬಿತ್ತು. ಹೇಗುಂಟು ಎಂದು ಕೇಳಿದ. ಬೆಣ್ಣೆ ಹಾಗೆ ಎಂದೆ. ಅದು ನಿಜವೇ ಆಗಿತ್ತು.

ರಜೆ ಮುಗಿದು ಅವನು ಹೋದ ಮೇಲೆ ಓಮ್ನಿ ನಿಲ್ಲುವ ಜಾಗದಲ್ಲಿ ಎಣ್ಣೆಯ ಕಲೆ ಕಂಡಿತು. ಮೊದಲು ನಾಣ್ಯದಷ್ಟು, ಆಮೇಲೆ ತಟ್ಟೆಯಷ್ಟು. ನಾನು ಉಪ್ಪನಿಗೆ ತೋರಿಸಿದೆ, ಫೋನಿನಲ್ಲಿ ಅಣ್ಣನಿಗೂ ಹೇಳಿದೆ. ಹಳೇ ಸೀಲುಗಳು, ಹೊಸ ಎಣ್ಣೆಗೆ ಒಗ್ಗಿಕೊಳ್ಳಲು ಸ್ವಲ್ಪ ಸಮಯ ಬೇಕು, ಇಳಿದಷ್ಟು ತುಂಬಿಸು ಎಂದ. ಕುಕ್ಕಪ್ಪಣ್ಣ ಬೋಲ್ಟುಗಳನ್ನು ಬಿಗಿ ಮಾಡಿ, ಓಡಿಸು ಎಂದರು.

ನೆರೆಯ ಫೌಝಿಯಾಳಿಗೆ ಏಳು ತಿಂಗಳು. ಕಡಬದಲ್ಲಿರುವ ತಾಯಿಯನ್ನು ನೋಡಿ ಬರಬೇಕೆಂದಳು. ಹೊರಡುವ ಮೊದಲು ನಾನು ಬಗ್ಗಿ ನೋಡಿದೆ, ನೆಲ ಒಣಗಿತ್ತು. ಎಣ್ಣೆಯ ಕಡ್ಡಿ ಎಳೆದು ನೋಡಿದೆ, ಗುರುತಿನವರೆಗೂ ಇತ್ತು. ಗುಣವಾಯಿತು ಎಂದುಕೊಂಡೆ.

ಕಡಬದಿಂದ ಹಿಂದೆ ಬರುವಾಗ ಒಂದು ಏರಿನಲ್ಲಿ ಸ್ಟೇರಿಂಗಿನ ಎದುರಿನ ಎಣ್ಣೆಯ ಕೆಂಪು ದೀಪ ಹತ್ತಿತು, ಆರಿತು, ಮತ್ತೆ ಹತ್ತಿತು. ಅದು ಹತ್ತಿದರೆ ನಿಲ್ಲಿಸಬೇಕೆಂದು ಗೊತ್ತಿತ್ತು. ನಿಲ್ಲಿಸಿದರೆ ಏನು ಎಂಬುದೂ ಗೊತ್ತಿತ್ತು. ಈ ಏರು ಹತ್ತಿಬಿಟ್ಟರೆ ಪೇಟೆ ಎಂದು ನಿಲ್ಲಿಸದೆ ಓಡಿಸಿದೆ. ಸೀಟಿನ ಅಡಿಯಲ್ಲಿ ಯಾರೋ ಸುತ್ತಿಗೆ ಬಡಿದ ಹಾಗಾಯಿತು. ಆಮೇಲೆ ಏನೂ ಇಲ್ಲ. ಕೀ ತಿರುಗಿಸಿದರೆ ಎಂಜಿನ್ ಅಲ್ಲಾಡಲೂ ಇಲ್ಲ.

ಗಂಡಸರು ಸೇರಿದರು. ಒಬ್ಬ ಫೋನ್ ಎತ್ತಿ ವಿಡಿಯೋ ಮಾಡುತ್ತಿದ್ದ. ಇನ್ನೊಬ್ಬ ಕಿಟಕಿಗೆ ಬಗ್ಗಿ ಯಾರ ಮಗಳು ಎಂದು ಕೇಳಿದ. ನನಗೆ ಸ್ವರ ಬರಲಿಲ್ಲ. ಹಿಂದಿನಿಂದ ಫೌಝಿಯಾ ಉಪ್ಪನ ಹೆಸರು ಹೇಳಿದಳು. ಹೊಟ್ಟೆ ಹಿಡಿದುಕೊಂಡು ಇಳಿದು ಮೋರಿಯ ಕಟ್ಟೆಯ ಮೇಲೆ ಕೂತು, ಉಪ್ಪನಿಗೆ ಫೋನ್ ಮಾಡಿದವಳೂ ಅವಳೇ.

ಸಂಜೆಯ ಮಗ್ರಿಬ್ ಬಾಂಗ್ ಕೇಳುವ ಹೊತ್ತಿಗೆ ಉಪ್ಪ ರಿಕ್ಷಾದಲ್ಲಿ ಬಂದರು. ಮೊದಲು ಫೌಝಿಯಾಳನ್ನು ರಿಕ್ಷಾ ಹತ್ತಿಸಿದರು. ಆಮೇಲೆ ನನ್ನ ಮುಂದೆ ಅಂಗೈ ಹಿಡಿದರು. ನಾನು ಕೀ ಇಟ್ಟೆ.

"ಸಾಕು ಮೋಳೆ," ಎಂದರು. ಬೈಯಲಿಲ್ಲ, ಮಗಳೇ ಎಂದೇ ಕರೆದಿದ್ದರು.

ಕುಕ್ಕಪ್ಪಣ್ಣ ಎಂಜಿನ್ ಬಿಚ್ಚಿದರು. ವರ್ಷಗಳಿಂದ ಒಳಗೆ ಕಚ್ಚಿಕೊಂಡಿದ್ದ ಕೊಳೆಯನ್ನು ಹೊಸ ಎಣ್ಣೆ ಸಡಿಲ ಮಾಡಿತ್ತು. ಆ ಕೊಳೆ ಹೋಗಿ ಎಣ್ಣೆ ಎಳೆಯುವ ಜಾಲರಿಗೆ ಕಟ್ಟಿಕೊಂಡಿತ್ತು. ಎಣ್ಣೆ ಇದ್ದೂ ಮೇಲೆ ಹತ್ತಿರಲಿಲ್ಲ. "ನಾನೇ ಅಲ್ವಾ ಹೊಯ್ಯಿ ಅಂದದ್ದು," ಎಂದು ಅವರು ಸ್ಪ್ಯಾನರನ್ನು ಸುಮ್ಮನೆ ಒರೆಸುತ್ತಾ ಕೂತರು. ತಮೀಮ್‌ಗೆ ಯಾರೂ ಹೇಳಬೇಡಿ ಎಂದರು ಉಪ್ಪ. ಬೇರೆ ಎಂಜಿನ್ನಿನ ಮಾತು ಯಾರ ಬಾಯಿಯಲ್ಲೂ ಬರಲಿಲ್ಲ.

ಈಗ ಹೆಂಗಸರು ರಿಕ್ಷಾದಲ್ಲಿ ಹೋಗುತ್ತಾರೆ. ನಮ್ಮ ಗೇಟಿನ ಎದುರು ಬಂದಾಗ ಕಮಲಾವತಿಯಕ್ಕ ರಿಕ್ಷಾ ನಿಧಾನ ಮಾಡಿಸಿ, ಎಂತ ರೇಡಿಯೋ, ಸುದ್ದಿಯೇ ಇಲ್ಲ ಎಂದು ಕೂಗುತ್ತಾರೆ. ನಾನು ಒಳಗೆ ಹೋಗುತ್ತೇನೆ.

ಕಳೆದ ಶುಕ್ರವಾರ ಅಣ್ಣ ವಿಡಿಯೋ ಕಾಲ್ ಮಾಡಿದ. ಉಮ್ಮ ಫೋನನ್ನು ನನ್ನ ಕೈಗೆ ಕೊಟ್ಟರು. ಅವನ ಮುಖದ ಹಿಂದೆ ಯಾರದ್ದೋ ದೊಡ್ಡ ಕಾರನ್ನು ಮೇಲೆ ಎತ್ತಿ ನಿಲ್ಲಿಸಿದ್ದರು. ಓಮ್ನಿ ಹೇಗುಂಟು ಎಂದ. ಅವನ ಮುಖ ನನ್ನ ಹಿಂದಾಗುವ ಹಾಗೆ ನಾನು ಫೋನನ್ನು ಹೆಗಲಿನ ಮೇಲೆ ಹಿಂದಕ್ಕೆ ಹಿಡಿದು, ಟಾರ್ಪಾಲು ಹೊದ್ದು ನಿಂತ ಓಮ್ನಿಯನ್ನು ನೋಡುತ್ತಾ ಹೇಳಿದೆ.

"ಓಡ್ತಾ ಉಂಟು."

"ಸೆಕೆಂಡ್ ಗೇರ್?"

"ಬೆಣ್ಣೆ ಹಾಗೆ."

ಅವನು ನಕ್ಕದ್ದು ಕೇಳಿತು. "ಇನ್ನು ಬದಲಿಸುವ ಹೊತ್ತಾಯ್ತು ಮೋಳೆ. ಎರಡು ಕ್ಯಾನ್ ಕಾರ್ಗೋಗೆ ಹಾಕಿದ್ದೇನೆ."

ಆಯ್ತು ಎನ್ನಲು ಬಾಯಿ ತೆರೆದೆ. ಕಿವಿಯ ಹಿಂದೆ ಅಣ್ಣ, ಕೇಳ್ತದಾ, ಕೇಳ್ತದಾ ಎಂದು ಕೇಳುತ್ತಲೇ ಇದ್ದ.