ಹನ್ನೊಂದು ಗಂಟೆಯ ಬಾಗಿಲುಗಳು

ನಲವತ್ತೊಂದನೇ ಮನೆಗೆ ಬರುವ ಹೊತ್ತಿಗೆ ಪೆನ್ಸಿಲ್ಲಿನ ಮೊನೆ ಮೊಂಡಾಗಿತ್ತು. ಬ್ಲೇಡಿನಿಂದ ಹೆರೆದು, ಸಿಪ್ಪೆಯನ್ನು ಹಳೆಯ ಕರಪತ್ರದ ಮೇಲೆ ಉದುರಿಸಿ, ಅವಳು ಮತ್ತೆ ಸ್ಕೇಲು ಇಟ್ಟು ಗೆರೆ ಎಳೆದಳು. ಮತದಾರರ ಪಟ್ಟಿಯ ಎರಡನೇ ಪ್ರತಿ ಇದು. ಮನೆ ನಂಬರು, ಹೆಸರು, ವಯಸ್ಸು, ಕೊನೆಗೊಂದು ಖಾಲಿ ಕಾಲಂ. ಅಲ್ಲಿ ಟಿಕ್ ಹಾಕಿದರೆ ನಮ್ಮವರು, ಇಂಟು ಹಾಕಿದರೆ ಆ ಕಡೆಯವರು, ಸೊನ್ನೆ ಹಾಕಿದರೆ ಇನ್ನೂ ಮನಸ್ಸು ಮಾಡದವರು.

ನಲವತ್ತೊಂದರಲ್ಲಿ ಎರಡೇ ಹೆಸರು. ಗಂಡ ಲೈನ್‌ಮನ್, ಹೆಂಡತಿ ಬಟ್ಟೆ ಹೊಲಿಯುವವಳು. ಗಂಡನ ಮುಂದೆ ಟಿಕ್ ಬಿತ್ತು. ಹೆಂಡತಿಯ ಸಾಲಿಗೆ ಬಂದಾಗ ಕೈ ನಿಂತಿತು.

ಪಕ್ಷದ ಈ ಕಚೇರಿ ಚುನಾವಣೆ ಮುಗಿಯುವವರೆಗೆ ಮಾತ್ರ. ಮೊದಲು ಇದು ಫೋಟೋ ಸ್ಟುಡಿಯೋ ಆಗಿತ್ತು. ಹಿಂದಿನ ಗೋಡೆಗೆ ತೂಗುಬಿಟ್ಟ ಬಣ್ಣದ ಪರದೆಯಲ್ಲಿ, ಎಲ್ಲಿಗೂ ಹೋಗದ ಅಮೃತಶಿಲೆಯ ಮೆಟ್ಟಿಲುಗಳಿದ್ದವು. ಅಭ್ಯರ್ಥಿಯ ಪೋಸ್ಟರನ್ನು ಅದರ ಮೇಲೇ ಅಂಟಿಸಿದ್ದರಿಂದ ಆತ ಇಡೀ ದಿನ ಕೈಮುಗಿದುಕೊಂಡು ಮೆಟ್ಟಿಲಿಳಿಯುತ್ತಲೇ ಇದ್ದ, ಕೆಳಗೆ ತಲುಪುತ್ತಿರಲಿಲ್ಲ.

ಅವಳಿಗೆ ಇಲ್ಲಿ ಪೆನ್ಸಿಲ್ ಅಕ್ಕ ಎಂದು ಹೆಸರು, ತುರುಬಿಗೆ ಸದಾ ಪೆನ್ಸಿಲ್ ಸಿಕ್ಕಿಸಿಕೊಂಡಿರುತ್ತಾಳೆಂದು. ಐವತ್ತೆರಡು ವರ್ಷಗಳಲ್ಲಿ ಮನೆಯವರು ಅವಳಿಗೆ ಇಟ್ಟ ಯಾವ ಹೆಸರೂ ಅವಳಿಗೆ ಇಷ್ಟು ಹಿಡಿಸಿರಲಿಲ್ಲ. ಇಲ್ಲಿ ಅವಳು ಕುರ್ಚಿಯ ಮೇಲೆ ಕೂರುತ್ತಿದ್ದಳು, ಚಹಾ ಬೇರೆಯವರು ತಂದುಕೊಡುತ್ತಿದ್ದರು. ದಿನಾ ಒಬ್ಬರಾದರೂ ಬಂದು, "ಅಕ್ಕಾ, ಇದು ಹೇಗೆ?" ಎಂದು ಕೇಳುತ್ತಿದ್ದರು.

ಅವಳು ಬರುವ ಮೊದಲು ಗಂಡಸರು ಸಂಜೆ ಹೋಗಿ ಗೇಟಿನಲ್ಲೇ ನಿಂತು, "ಏನಪ್ಪಾ, ನಿಮ್ಮನೆದು ನಮಗೇ ತಾನೇ?" ಎಂದು ಯಜಮಾನನನ್ನು ಕೇಳಿ, ಇಡೀ ಮನೆಯ ಹೆಸರುಗಳಿಗೆ ಒಂದು ಆವರಣ ಎಳೆದು ಒಂದೇ ಟಿಕ್ ಹಾಕಿಕೊಂಡು ಬರುತ್ತಿದ್ದರು. ಮನೆಯ ಓಟು ಅಂದರೆ ಗಂಡಸಿನ ಓಟು. ಅದು ತಪ್ಪು ಎಂದು ಅವಳು ಹೇಳಿದಳು. ಒಬ್ಬೊಬ್ಬರಿಗೂ ಒಂದೊಂದು ಸಾಲು ಇದೆಯಲ್ಲ? ಕಚೇರಿಯ ಉಸ್ತುವಾರಿ ನಕ್ಕು, "ಹಾಗಾದ್ರೆ ನೀವೇ ಕೇಳ್ಕೊಂಡು ಬನ್ನಿ ಅಕ್ಕ," ಎಂದಿದ್ದ.

ಅವಳು ಬೆಳಿಗ್ಗೆ ಹನ್ನೊಂದಕ್ಕೆ ಹೊರಡುತ್ತಿದ್ದಳು. ಆ ಹೊತ್ತಿಗೆ ಗಂಡಸರು ಕೆಲಸಕ್ಕೆ ಹೋಗಿರುತ್ತಾರೆ, ಅಡುಗೆ ಮುಗಿದಿರುತ್ತದೆ, ಒಲೆ ಆರಿ ಹೆಂಗಸು ಮೊದಲ ಸಲ ಕೂತಿರುತ್ತಾಳೆ. ಹನ್ನೊಂದು ಗಂಟೆಯ ಬಾಗಿಲುಗಳು ಬೇರೆಯೇ ಬಾಗಿಲುಗಳು. ಒಳಗೆ ಕರೆಯುತ್ತಿದ್ದರು. ಮಂಡಿನೋವು, ಮಗಳ ಪರೀಕ್ಷೆ, ನಾದಿನಿಯ ಕೊಂಕು ಎಲ್ಲ ಮುಗಿದ ಮೇಲೆ ಓಟಿನ ಮಾತು ತಾನಾಗಿ ಬರುತ್ತಿತ್ತು.

ಮೊದಲ ಸುತ್ತಿನಲ್ಲಿ ನಲವತ್ತೊಂದರ ಹೊಲಿಯುವವಳು ಮಷೀನು ನಿಲ್ಲಿಸದೆ ಹೇಳಿದ್ದಳು: "ಅಕ್ಕಾ, ನಿಮ್ಮ ಹತ್ರ ಸುಳ್ಳು ಹೇಳೋಕೆ ಬಾಯಿ ಬರಲ್ಲ. ಈ ಸಲ ನಂದು ನರ್ಸಮ್ಮನಿಗೆ."

ನರ್ಸಮ್ಮ ಎಂದರೆ ಎದುರು ಪಕ್ಷದಿಂದ ನಿಂತಿದ್ದವಳು.

"ನನ್ನ ಹೆರಿಗೆ ದಿನ ಡಾಕ್ಟರಿಲ್ಲ ಅಂತ ಆಸ್ಪತ್ರೆಯೋರು ವಾಪಸ್ ಕಳಿಸ್ತಿದ್ರು. ಡ್ಯೂಟಿ ಮುಗಿಸಿ ಹೊರಟಿದ್ದೋಳು ಚಪ್ಪಲಿ ಬಿಟ್ಟು ಒಳಗೆ ಬಂದ್ಲು. ನಿಮ್ಮ ಅಭ್ಯರ್ಥಿ ನಂಗೇನು ಮಾಡಿದ್ದಾನೆ, ಹೇಳಿ?"

"ನಿಮ್ಮನೆಯವರು ನಮ್ಮ ಬಾವುಟ ಹಿಡ್ಕೊಂಡು ಓಡಾಡ್ತಾರಲ್ಲೇ!"

"ಓಡಾಡ್ಲಿ, ಕಾಲಿಗೆ ಒಳ್ಳೇದು." ಇಬ್ಬರೂ ನಕ್ಕಿದ್ದರು. ಆಮೇಲೆ ಹೊಲಿಯುವವಳು ಪೆಡಲಿನ ಮೇಲೆ ಪಾದ ನಿಲ್ಲಿಸಿ, "ಅವರ ಕಿವಿಗೆ ಬೀಳಬಾರ್ದು ಅಕ್ಕ, ಅಷ್ಟೇ," ಎಂದಿದ್ದಳು.

"ನನ್ನ ಹೊಟ್ಟೇಲೇ ಇರುತ್ತೆ ಬಿಡು."

ಅಷ್ಟು ಹೇಳಿ ಬೀದಿಗೆ ಬಂದು, ತುರುಬಿನಿಂದ ಪೆನ್ಸಿಲ್ ತೆಗೆದು, ಇಂಟು ಹಾಕಿದ್ದಳು. ಹಾಗೇಕೆ ಮಾಡಿದೆ ಎಂದು ಈಗ ಎಷ್ಟು ಸಲ ಕೇಳಿಕೊಂಡರೂ ಒಂದೇ ಉತ್ತರ ಸಿಗುತ್ತಿತ್ತು: ಪಟ್ಟಿ ಸರಿಯಾಗಿರಬೇಕಿತ್ತು. ಅದು ಅವಳ ಪಟ್ಟಿ. ಅವಳು ಯಾರಿಗೂ ಬಾಯಿಬಿಟ್ಟು ಹೇಳಲಿಲ್ಲ, ಬರೆದಳು ಅಷ್ಟೇ. ಬರೆಯುವುದು ಹೇಳಿದಂತಲ್ಲ ಎಂದು ಯಾವ ಧೈರ್ಯದ ಮೇಲೆ ಅಂದುಕೊಂಡಳೋ.

ಆ ಸಂಜೆಯೇ ಚಹಾದ ಹೊತ್ತಿಗೆ ಉಸ್ತುವಾರಿ ಪಟ್ಟಿಯ ಮೇಲೆ ಬೆರಳಾಡಿಸುತ್ತ ಕೂತಿದ್ದ. ಲೈನ್‌ಮನ್ ಬಾವುಟದ ಕೋಲುಗಳನ್ನು ಕಟ್ಟುತ್ತಿದ್ದ.

"ಏನಯ್ಯಾ, ಊರಿಗೆಲ್ಲ ಕರೆಂಟು ಕೊಡ್ತೀಯ, ನಿನ್ನ ಮನೇಲೇ ಫ್ಯೂಸ್ ಹೋಗಿದೆಯಲ್ಲೋ!"

"ಏನಣ್ಣಾ ಹಾಗಂದ್ರೆ?"

"ನೋಡಿಲ್ಲಿ. ನೀನು ಟಿಕ್ಕು, ನಿನ್ನ ಹೆಂಡ್ತಿ ಇಂಟು. ಮನೆ ಆಳೋರು ಯಾರಪ್ಪ?"

ಕಚೇರಿಯಿಡೀ ನಕ್ಕಿತು. ಲೈನ್‌ಮನ್ ಕೂಡ ಹಲ್ಲು ಬಿಟ್ಟ, ಕಿವಿ ಮಾತ್ರ ಕೆಂಪಗಾಗಿತ್ತು. ಪೆನ್ಸಿಲ್ ಅಕ್ಕ ಮೂಲೆಯ ಮೇಜಿನ ಬಳಿ ಕೂತು ಚೀಟಿಗಳನ್ನು ಜೋಡಿಸುತ್ತಿದ್ದಳು. ಅವಳೂ ನಕ್ಕಳು. ಗಂಡಸರು ನಕ್ಕಾಗ ನಗುವುದು ಅಭ್ಯಾಸವಾಗಿಹೋಗಿತ್ತು, ಯಾತಕ್ಕೆಂದು ತಿಳಿಯುವ ಮೊದಲೇ ತುಟಿ ಅಗಲವಾಗುತ್ತಿತ್ತು.

ಮೂರು ದಿನದ ನಂತರ ಎರಡನೇ ಸುತ್ತಿಗೆ ಹೋದಾಗ ನಲವತ್ತೊಂದರಲ್ಲಿ ಮಷೀನಿನ ಸದ್ದಿರಲಿಲ್ಲ. ಹೊಲಿಯುವವಳು ಬಾಗಿಲು ಪೂರ್ತಿ ತೆಗೆಯಲಿಲ್ಲ.

"ಹುಷಾರಿಲ್ವೇನೇ?"

"ಹುಷಾರಾಗೇ ಇದೀನಿ. ಮಷೀನಿಗೆ ಬೆಲ್ಟಿಲ್ಲ."

"ಕಿತ್ತುಹೋಯ್ತಾ?"

"ಬಿಚ್ಕೊಂಡ್ರು. ದಿನಾ ಬೆಳಿಗ್ಗೆ ಸುತ್ತಿ ಜೇಬಲ್ಲಿ ಹಾಕ್ಕೊಂಡು ಕೆಲಸಕ್ಕೆ ಹೋಗ್ತಾರೆ. ಬುದ್ಧಿ ಬಂದ ಮೇಲೆ ಕೊಡ್ತಾರಂತೆ." ಅವಳ ದನಿ ತಣ್ಣಗಿತ್ತು. "ಹೊಡೆದಿದ್ರೆ ಒಂದಿನ ಅತ್ತು ಸುಮ್ಮನಾಗ್ತಿದ್ದೆ. ಹನ್ನೆರಡು ಜನರ ಬಟ್ಟೆ ಕತ್ತರಿಸಿ ಇಟ್ಟಿದೀನಿ. ಬಂದು ಕೇಳಿದ್ರೆ ಏನು ಹೇಳ್ಲಿ?"

"ನಾನು ಯಾರಿಗೂ ಹೇಳ್ಲಿಲ್ಲ ಕಣೇ, ಆಣೆ ಮಾಡ್ತೀನಿ..."

"ನೀವು ಹೇಳ್ಲಿಲ್ಲ ಅಕ್ಕ. ಬರ್ಕೊಂಡ್ರಿ." ಬಾಗಿಲು ಮೆಲ್ಲಗೆ ಮುಚ್ಚಿತು.

ಮುಂದಿನ ಎರಡು ಮನೆಗಳಲ್ಲಿ ಯಾರೂ ಬಾಗಿಲು ತೆಗೆಯಲಿಲ್ಲ, ಒಳಗೆ ನಲ್ಲಿಯ ಸದ್ದು ಕೇಳುತ್ತಿದ್ದರೂ. ತಿರುವಿನ ಮನೆಯ ಅಜ್ಜಿ ಜಗಲಿಯಿಂದಲೇ ಕೂಗಿದಳು: "ಬಾರಮ್ಮ, ಬರ್ಕೋ! ನನ್ನ ಸೊಸೆದೂ ಬರ್ಕೋ, ದೊಡ್ಡದಾಗಿ ಬರ್ಕೋ. ಕಣ್ಣು ಕಾಣದೋರಿಗೂ ಕಾಣ್ಲಿ!"

ಅವಳು ನೇರವಾಗಿ ಕಚೇರಿಗೆ ಬಂದು ಉಸ್ತುವಾರಿಯ ಮುಂದೆ ನಿಂತಳು. "ಅಣ್ಣಾ, ಆ ಲೈನ್‌ಮನ್ ಹೆಂಡತಿ ವಿಷಯ ನೀವು ಹಾಗೆ ಎಲ್ಲರ ಮುಂದೆ..."

"ಅಯ್ಯೋ, ಅದೊಂದೇನಾ?" ಅವನು ಖುಷಿಯಲ್ಲಿದ್ದ. "ನಿಮ್ಮ ಪಟ್ಟಿ ಬಂಗಾರ ಅಕ್ಕ, ಬಂಗಾರ! ಹದಿನೇಳು ಮನೇಲಿ ಹೆಂಗಸರು ಇಂಟು. ಹದಿನೇಳು ಗಂಡಸರನ್ನೂ ಕರೆಸಿ ಮಾತಾಡಿದೀನಿ. ಈಗ ಇನ್ನೊಂದು ಸಲ ಬರೀರಿ, ಎಷ್ಟು ಜನ ತಿರುಗಿದಾರೆ ನೋಡೋಣ. ಉಳಿದ ಮೂರು ಬೀದಿನೂ ನಿಮಗೇ."

ಹದಿನೇಳು. ಅವಳಿಗೆ ಒಂದೊಂದು ಅಡುಗೆಮನೆಯೂ ನೆನಪಿತ್ತು. ಯಾರು ಕೂರಲು ಮಣೆ ಕೊಟ್ಟರು, ಯಾರು ಪಿಸುಗುಟ್ಟಿದರು, ಯಾರು ಕೈ ಹಿಡಿದುಕೊಂಡು ಹೇಳಿದರು ಎಲ್ಲವೂ.

ಅದಕ್ಕೇ ಈಗ ಪೆನ್ಸಿಲ್ ನಿಂತಿದ್ದು. ಹೊಲಿಯುವವಳ ಮನಸ್ಸು ತಿರುಗಿರಲಿಲ್ಲ. ಮುಚ್ಚಿದ ಆ ಬಾಗಿಲಿಗೆ ಟಿಕ್ಕೂ ಇರಲಿಲ್ಲ, ಇಂಟೂ ಇರಲಿಲ್ಲ. ಅವಳು ಆ ಸಾಲಿನಲ್ಲಿ ನಿಧಾನವಾಗಿ ಒಂದು ಟಿಕ್ ಹಾಕಿದಳು. ಆಮೇಲೆ ಉಳಿದ ಹದಿನಾರು ಮನೆಗಳನ್ನು ಹುಡುಕಿ ಹುಡುಕಿ ಟಿಕ್ ಹಾಕಿದಳು. ಜೀವನದಲ್ಲಿ ಅವಳು ತಪ್ಪಾಗಿ ಬರೆದ ಮೊದಲ ಲೆಕ್ಕ ಅದು.

"ಹದಿನೇಳಕ್ಕೆ ಹದಿನೇಳೂ!" ಸಂಜೆ ಉಸ್ತುವಾರಿ ಪುಟಗಳನ್ನು ಎತ್ತಿ ಹಿಡಿದು ಎಲ್ಲರಿಗೂ ತೋರಿಸಿದ. "ಏನಯ್ಯಾ ಲೈನ್‌ಮನ್, ಫ್ಯೂಸ್ ಹಾಕ್ಸಿದ್ಯಾ?"

"ಹಾಕ್ದೇ ಇರ್ತೀನಾ ಅಣ್ಣಾ," ಎಂದು ಅವನು ಎದೆ ಉಬ್ಬಿಸಿದ. ಅವನ ಪ್ಯಾಂಟಿನ ಜೇಬು ಉಬ್ಬಿರುವುದನ್ನು ಅವಳು ನೋಡಿದಳು. ಈ ಸಲ ಅವಳು ನಗಲಿಲ್ಲ. ಯಾರೂ ಗಮನಿಸಲಿಲ್ಲ.

ಮಾರನೇ ದಿನ ಹನ್ನೊಂದಕ್ಕೆ ಆ ಬೀದಿಯಲ್ಲಿ ಹೋಗುವಾಗ ಮಷೀನಿನ ಸದ್ದು ಕೇಳಿಸಿತು. ಕಿಟಕಿ ತೆರೆದಿತ್ತು. ಅವಳ ನೆರಳು ಒಳಗೆ ಬಿದ್ದಾಗ ಪೆಡಲಿನ ಮೇಲಿನ ಪಾದ ಒಂದು ಕ್ಷಣ ನಿಂತಿತು, ಮತ್ತೆ ತುಳಿಯತೊಡಗಿತು. "ಬನ್ನಿ ಅಕ್ಕಾ" ಎಂಬ ಮಾತು ಬರಲಿಲ್ಲ. ಬರುವುದೂ ಇಲ್ಲ ಎಂದು ಅವಳಿಗೆ ಗೊತ್ತಾಯಿತು. ಬೆಲ್ಟು ವಾಪಸಾಗಿತ್ತು, ಅಷ್ಟೇ.

ಉಳಿದ ಮೂರು ಬೀದಿಗಳಲ್ಲಿ ಅವಳು ಮನೆಮನೆಗೆ ಹೋದಳು. ಕೂತಳು, ನೀರು ಕುಡಿದಳು, ಮಂಡಿನೋವು ಕೇಳಿಸಿಕೊಂಡಳು. ಓಟಿನ ಮಾತು ಬಾಯಿಗೆ ಬಂದ ಹೆಂಗಸನ್ನು, "ಅದೆಲ್ಲ ಯಾರಿಗೂ ಹೇಳಬೇಡ ತಾಯಿ, ನನಗೂ ಹೇಳಬೇಡ," ಎಂದು ತಡೆದಳು. ಹೊರಗೆ ಬಂದು ಟಿಕ್ ಹಾಕಿದಳು.

ಕೊನೆಯ ಪುಟ ಅವಳ ಸ್ವಂತ ಬೀದಿಯದು. ಮಧ್ಯಾಹ್ನ ಊಟದ ಮೇಜಿನ ಮೇಲೆ ಹರಡಿಕೊಂಡು ಬರೆಯತೊಡಗಿದಳು. ಮೊದಲ ಪಟ್ಟಿಯಲ್ಲಿ ತನ್ನ ಮನೆಯನ್ನು ತಾನು ಬರೆದಿರಲಿಲ್ಲ ಎಂಬುದು ಆಗ ನೆನಪಾಯಿತು. ಅಲ್ಲಿ ಇದ್ದದ್ದು ಇಷ್ಟು: ಗಂಡ, ಮೈದುನ, ಓರಗಿತ್ತಿ, ಅವಳು. ನಾಲ್ಕು ಹೆಸರಿಗೆ ಉಸ್ತುವಾರಿಯ ಕೈಯ ಒಂದೇ ಆವರಣ, ಒಂದೇ ಟಿಕ್. ಮುನ್ನೂರು ಬಾಗಿಲುಗಳಲ್ಲಿ ಕೇಳಿದ ಪ್ರಶ್ನೆಯನ್ನು ಅವಳಿಗೆ ಯಾರೂ ಕೇಳಿರಲಿಲ್ಲ. ಅವಳೂ ಕೇಳಿಕೊಂಡಿರಲಿಲ್ಲ.

"ಇನ್ನೂ ಏನೇ ಬರೀತಿದ್ದೀ?" ಗಂಡ ಪೇಪರಿನ ಹಿಂದಿನಿಂದ ಕೇಳಿದರು.

"ನಮ್ಮನೆದು."

"ಅದರಲ್ಲೇನಿದೆ ಬರೆಯೋಕೆ? ನಾಲ್ಕೂ ಗ್ಯಾರಂಟಿ ಅಂತ ನಾನು ಅವತ್ತೇ ಹೇಳಿದೀನಲ್ಲ."

"ಹೌದು," ಎಂದಳು.

ಆವರಣ ಹಾಕಲಿಲ್ಲ. ಒಬ್ಬೊಬ್ಬರಿಗೂ ಬೇರೆ ಬೇರೆ ಟಿಕ್ ಹಾಕುತ್ತ ಬಂದು, ಕೊನೆಗೆ ತನ್ನ ಹೆಸರಿನ ಮುಂದೆಯೂ ಉಳಿದವುಗಳಷ್ಟೇ ದಪ್ಪದ, ಅಷ್ಟೇ ಅಂದದ ಒಂದು ಟಿಕ್ ಎಳೆದಳು. ಅದರ ಬಾಲ ಮುಗಿಯುವಷ್ಟರಲ್ಲಿ ತನ್ನ ಓಟು ನರ್ಸಮ್ಮನಿಗೆ ಎಂದು ತೀರ್ಮಾನಿಸಿಯಾಗಿತ್ತು.

ಪೆನ್ಸಿಲನ್ನು ತುರುಬಿಗೆ ಸಿಕ್ಕಿಸಿಕೊಂಡು, ಹಾಳೆಗಳನ್ನು ಅಂಚು ಕೂಡಿಸಿ ಜೋಡಿಸಿ, ಅವಳು ಕಚೇರಿಗೆ ಹೊರಟಳು.